ಪಿಜ್ಜಾ ಅಂಗಡಿಯ ರಸಿಕೆ

ನಮ್ಮ ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗಿಂತ ಹಠಮಾರಿ ಎಂದರೆ ಫ್ರಿಜ್ಜಿನ ಮೇಲಿದ್ದ ರೇಡಿಯೊ. ಎಂಬತ್ತರ ದಶಕದ ನಡುವಿನ ಮಾತು, ನಾನು ಮೈಸೂರು ಬಿಟ್ಟು ಕಡಲಾಚೆಗೆ ಬಂದ ಹೊಸತು. ಎಫ್‌ಎಂ ಮುಳ್ಳನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಕಾಲೇಜು ಹುಡುಗರು ನಡೆಸುವ ಒಂದು ಸ್ಟೇಷನ್ನು ಸಿಗುತ್ತಿತ್ತು. ತಾನಾಗಿ ಸಿಗುತ್ತಿರಲಿಲ್ಲ. ಏರಿಯಲ್ಲನ್ನು ಕಿಟಕಿಯ ಕಡೆ ಬಗ್ಗಿಸಿ, ಅದರ ತುದಿಗೆ ಸ್ಟೀಲಿನ ಸೌಟು ಸಿಕ್ಕಿಸಿ, ಮಿಕ್ಸಿ ಹಾಕದೆ, ನಾನು ಸಿಂಕಿನ ಎಡಗಡೆಯೇ ನಿಂತಿದ್ದರೆ ಮಾತ್ರ. ಒಂದು ಹೆಜ್ಜೆ ಬಲಕ್ಕೆ ಸರಿದರೆ ಸ್ಪ್ಯಾನಿಷ್ ಸ್ಟೇಷನ್ನಿನವರು ಒಳಗೆ ನುಗ್ಗುತ್ತಿದ್ದರು. ಹಾಗಾಗಿ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಚಟ್ನಿ ಅಪರೂಪ, ಪಾತ್ರೆಗಳು ಮಾತ್ರ ಫಳಫಳ.

ಆ ಹುಡುಗರಿಗೆ ರೇಡಿಯೊದಲ್ಲಿ ಮಾತಾಡಲು ಬರುತ್ತಿರಲಿಲ್ಲ. ಮೈಸೂರಿನಲ್ಲಿ ಇಸ್ತ್ರಿ ಹಾಕಿದ ದನಿಗಳನ್ನು ಕೇಳಿ ಬೆಳೆದವಳು ನಾನು. ಇವರೋ ಹಾಡಿನ ಹೆಸರು ಹೇಳುವಷ್ಟರಲ್ಲಿ ಮರೆಯುತ್ತಿದ್ದರು, ನಡುವೆ ಸೀನುತ್ತಿದ್ದರು, ಮುಂದಿನ ರೆಕಾರ್ಡು ಸಿಗದೆ ಗಾಳಿಯಲ್ಲಿ ಬರೀ ಮೌನ ಬಿಡುತ್ತಿದ್ದರು. ಒಮ್ಮೆ ಒಂದು ಹಾಡನ್ನು ತಪ್ಪು ವೇಗದಲ್ಲಿ ಪೂರ್ತಿ ನುಡಿಸಿ, ಕ್ಷಮೆ ಕೇಳಿ, ಸರಿಯಾದ ವೇಗದಲ್ಲಿ ಮತ್ತೆ ನುಡಿಸಿದರು. ನನಗೆ ತಪ್ಪು ವೇಗದ್ದೇ ಇಷ್ಟವಾಗಿತ್ತು. ಫೋನ್ ಮಾಡಿ ಹೇಳಿದೆ. ಆ ಹುಡುಗ "ನನಗೂ ಅದೇ" ಎಂದು ಮೂರನೇ ಸಲ ಮತ್ತೆ ತಪ್ಪಾಗಿ ನುಡಿಸಿದ. ಅಂದಿನಿಂದ ನಾನು ಆ ಸ್ಟೇಷನ್ನಿನ ಮನೆಮಗಳಾದೆ.

ಅವರು ಹಾಕುತ್ತಿದ್ದದ್ದಕ್ಕೆ ಇಂಡೀ ಪಾಪ್ ಎಂದು ಹೆಸರಂತೆ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಗರಾಜಿನಲ್ಲಿ ಹಾಡಿಕೊಂಡು, ತಾವೇ ಕ್ಯಾಸೆಟ್ಟು ಮಾಡಿ, ಅದರ ಹೊದಿಕೆಗೆ ತಾವೇ ಬಣ್ಣ ಬಳಿದು ಮಾರುವ ಹುಡುಗ ಹುಡುಗಿಯರ ಹಾಡು. ಗಿಟಾರು ಒಂದು ಕಡೆ ಎಳೆದರೆ ಗಂಟಲು ಇನ್ನೊಂದು ಕಡೆ. ಚಿಪ್ಪಿನ ಕಂಪನಿಯಲ್ಲಿ ಇಂಜಿನಿಯರಾಗಿದ್ದ ನಮ್ಮನೆಯವರು ಮೊದಲ ಸಲ ಕೇಳಿದಾಗ ಚಮಚ ಕೆಳಗಿಟ್ಟು ವಿಚಾರಿಸಿದರು: "ಇದು ಶ್ರುತಿ ಮಾಡ್ಕೋತಿರೋದಾ, ಇಲ್ಲ ಹಾಡೇ ಶುರುವಾಗಿದ್ಯಾ?"

ನನಗೂ ಶ್ರುತಿ ತಪ್ಪಿದ್ದು ಕೇಳುತ್ತಿತ್ತು. ಎಂಟು ವರ್ಷ ಸಂಗೀತ ಕಲಿತ ಕಿವಿ, ಕೇಳದೆ ಏನು ಮಾಡೀತು. ಆದರೂ ಬಿಡಲಾಗಲಿಲ್ಲ. ನಾನು ಕಲಿತ ಹಾಡುಗಳಲ್ಲಿ ಎಲ್ಲರೂ ಮೋಕ್ಷ ಕೇಳುತ್ತಿದ್ದರು, ಇವರು ಬಸ್ಸು ಕೇಳುತ್ತಿದ್ದರು. ಲಾಂಡ್ರಿಯಲ್ಲಿ ಒಂಟಿಯಾದ ಕಾಲುಚೀಲ, ಎದುರು ಮನೆಯವನು ತಿರುಗಿ ನೋಡದ್ದು, ಭಾನುವಾರದ ಬೇಜಾರು, ಇಂಥದ್ದೇ ವಸ್ತು. ಆಗಿನ್ನೂ ಡ್ರೈವಿಂಗ್ ಲೈಸೆನ್ಸ್ ಬಾರದೆ ಮನೆಯಲ್ಲೇ ಕೂತಿದ್ದ ನನಗೂ ತುರ್ತಾಗಿ ಬೇಕಾಗಿದ್ದದ್ದು ಮೋಕ್ಷವಲ್ಲ, ಬಸ್ಸು.

ಅವುಗಳಲ್ಲಿ ಒಂದು ತಂಡ ನನ್ನ ಸ್ವಂತದ್ದು ಎಂದು ತೀರ್ಮಾನಿಸಿಕೊಂಡಿದ್ದೆ. ಮೂರೇ ಜನ. ಅವರ ಒಂದು ಹಾಡು ಬಸ್ಸು ತಪ್ಪಿಸಿಕೊಂಡ ಹುಡುಗಿಯದು. "ಇನ್ನೊಂದು ಬರುತ್ತೆ" ಎಂಬರ್ಥದ ಸಾಲು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಲ ಹಾಡುವಾಗ ದನಿ ಮೇಲಕ್ಕೆ ಹೋಗಿ, ನಿಲ್ಲಲಾರದೆ, ಒಡೆಯುತ್ತದೆ. ಅಲ್ಲಿ ನಾನು ಪ್ರತಿ ಸಲವೂ ಸಿಂಕಿನ ನಲ್ಲಿ ನಿಲ್ಲಿಸಿಬಿಡುತ್ತಿದ್ದೆ. ಯಾರಿಗೂ ಗೊತ್ತಿಲ್ಲದ ತಂಡವನ್ನು ಮೆಚ್ಚಿಕೊಂಡವರಿಗೆ ಒಂದು ಕಾಯಿಲೆ ಇರುತ್ತದೆ. ಜಗತ್ತೆಲ್ಲ ಅವರನ್ನು ಕೇಳಬೇಕು, ಆದರೆ ತಾವು ಬಿಟ್ಟು ಬೇರೆ ಯಾರೂ ಕೇಳಬಾರದು. ನನಗೆ ಅದು ಚೆನ್ನಾಗಿಯೇ ಹಿಡಿದಿತ್ತು.

ಒಂದು ದಿನ ರೇಡಿಯೊದಲ್ಲಿ ಹೇಳಿದರು: ಸ್ಯಾನ್ ಹೋಸೆಯ ಒಂದು ಪಿಜ್ಜಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಈ ಮೂವರು ಹಾಡುತ್ತಾರೆ, ಇನ್ನು ಮೇಲೆ ತಿಂಗಳಿಗೊಮ್ಮೆ ಅಲ್ಲೇ.

"ಕರ್ಕೊಂಡು ಹೋಗ್ತೀರಾ?" ಎಂದು ನಮ್ಮನೆಯವರನ್ನು ಕೇಳಿದೆ.

"ಪಿಜ್ಜಾ ಇರತ್ತಾ?"

"ಪಿಜ್ಜಾ ಅಂಗಡಿ ಕಣ್ರೀ."

"ಹಾಗಾದ್ರೆ ನಡಿ."

ಸಂಗೀತ ಕಛೇರಿಗೆ ಹೋಗುವ ಹೆಂಗಸು ಹೇಗೆ ಹೋಗಬೇಕೋ ಹಾಗೇ ಹೋದೆ. ಜರಿಯಂಚಿನ ಮೈಸೂರು ರೇಷ್ಮೆ ಸೀರೆ, ಮೇಲೊಂದು ಕೋಟು, ಕಾಲಿಗೆ ಸ್ನೀಕರು. ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಿಡುವ ಗುರುತಿಗೆ ಎಲ್ಲರ ಕೈಗೂ ಶಾಯಿಯ ಮುದ್ರೆ ಒತ್ತುತ್ತಿದ್ದ. ವರ್ಷಾ ವರ್ಷಾ ಮಠದಲ್ಲಿ ಎರಡೂ ತೋಳಿಗೆ ಮುದ್ರೆ ಹಾಕಿಸಿಕೊಂಡು ಅಭ್ಯಾಸವಿದ್ದ ನಮ್ಮನೆಯವರು ಒಂದು ಕೈಯದು ಆದ ಕೂಡಲೇ ಇನ್ನೊಂದನ್ನೂ ಚಾಚಿದರು. ಅವನು ಪಾಪ, ಅದಕ್ಕೂ ಒತ್ತಿದ.

ಒಳಗೆ ಕುರ್ಚಿಯೇ ಇರಲಿಲ್ಲ. ಇಪ್ಪತ್ತು ಮೂವತ್ತು ಹುಡುಗರು ಹಿಂದಿನ ಗೋಡೆಗೆ ಅಂಟಿಕೊಂಡು ಕೈ ಕಟ್ಟಿ ನಿಂತಿದ್ದರು. ಹಾಡು ಇಷ್ಟವಾದರೂ ಅದೇ ಮುಖ, ಆಗದಿದ್ದರೂ ಅದೇ ಮುಖ. ಕುಣಿಯುವುದು, ಕೂಗುವುದು ಅವರ ದೃಷ್ಟಿಯಲ್ಲಿ ದೊಡ್ಡ ತಂಡಗಳಿಗೆ ಹೋಗುವ ದಡ್ಡರ ಕೆಲಸ. ಮುಂದೆ ಅಷ್ಟು ಜಾಗ ಖಾಲಿ ಬಿದ್ದಿತ್ತು. ಹಾಡುವವರ ಎದುರಿನ ಜಾಗ ಖಾಲಿ ಬಿಡುವುದು ಎಂಥ ಅವಮಾನ! ನಾನು ಅಂಗಡಿಯವನಿಂದ ಒಂದು ಮಡಿಚುವ ಕುರ್ಚಿ ಇಸಿದುಕೊಂಡು, ಸರಿಯಾಗಿ ನಡುವೆ, ಮೈಕಿಗೆ ಎರಡು ಮಾರು ದೂರದಲ್ಲಿ ಹಾಕಿಕೊಂಡು ಕೂತೆ. ನಮ್ಮನೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಪಿಜ್ಜಾದ ಕಡೆ ಹೋದರು.

ಮೂವರೂ ಬಂದು ನಿಂತರು. ಹಾಡುವ ಹುಡುಗಿ ಸಣ್ಣಗೆ, ಹಣೆಯ ಕೂದಲು ಕನ್ನಡಕದ ಮೇಲೆ ಬೀಳುವ ಹಾಗೆ ಬಿಟ್ಟುಕೊಂಡು, ತನಗಿಂತ ದೊಡ್ಡ ಗಿಟಾರು ತಗುಲಿಸಿಕೊಂಡಿದ್ದಳು. ಬೇಸ್ ಗಿಟಾರಿನ ಉದ್ದನೆಯ ಹುಡುಗ ನಾಚಿಕೆಗೆ ನಮಗೆ ಬೆನ್ನು ಮಾಡಿ ನಿಂತ. ಡ್ರಮ್ಮಿನವನು ಚೂಯಿಂಗ್ ಗಮ್ ಒಂದು ತಾಳದಲ್ಲಿ ಅಗಿಯುತ್ತ ಇನ್ನೊಂದು ತಾಳದಲ್ಲಿ ಬಾರಿಸಿದ.

ಕಛೇರಿ ಕೇಳುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಮನವಮಿಯ ಚಪ್ಪರದಲ್ಲಿ, ಮುಂದಿನ ಸಾಲಿನ ಹಿರಿಯರ ಪಕ್ಕ ಕೂತು ಕಲಿತ ವಿದ್ಯೆ. ಕೇಳುವವರಿಗೂ ಅಲ್ಲಿ ಕೈತುಂಬ ಕೆಲಸ. ಬಲಗೈ ತೊಡೆಯ ಮೇಲೆ ತಾಳ ಹಾಕಬೇಕು, ಬೆರಳು ಎಣಿಸುತ್ತಿರಬೇಕು. ಕಣ್ಣು ಮುಚ್ಚಿ, ಹಲ್ಲುನೋವು ಬಂದವರ ಹಾಗೆ ಹುಬ್ಬು ಗಂಟಿಕ್ಕಬೇಕು. ಹಾಡು ಚೆನ್ನಾಗಿದ್ದರೆ ಅತ್ತಿಂದಿತ್ತ ತಲೆದೂಗಬೇಕು. ಇನ್ನೂ ಚೆನ್ನಾಗಿದ್ದರೆ "ತ್ಚ್ ತ್ಚ್ ತ್ಚ್" ಎಂದು ಲೊಚಗುಟ್ಟಬೇಕು. ಪ್ರಾಣ ಹೋಗುವಷ್ಟು ಚೆನ್ನಾಗಿದ್ದರೆ "ಅಯ್ಯೋ!" ಇಷ್ಟರಲ್ಲಿ ಒಂದನ್ನೂ ಮಾಡದೆ ಗೋಡೆಗೆ ಬೆನ್ನು ಕೊಟ್ಟು ನಿಂತ ಆ ಹುಡುಗರನ್ನು ನೋಡಿ ನನಗೆ ಮೈ ಉರಿಯಿತು. ಅವರೆಲ್ಲರ ಪಾಲಿನದನ್ನೂ ನಾನೊಬ್ಬಳೇ ಮಾಡಿದೆ. ಬಸ್ಸಿನ ಹಾಡಿನ ಕೊನೆಯಲ್ಲಿ ದನಿ ಒಡೆದಾಗಲಂತೂ ಲೊಚಗುಟ್ಟಿ, ತಲೆ ಕೊಡವಿ, "ಅಯ್ಯೋ ಅಯ್ಯೋ" ಎಂದು ಹಣೆಗೆ ಕೈ ಹಚ್ಚಿಕೊಂಡೆ. ಮನೆಗೆ ಬಂದ ಮೇಲೆ ಕತ್ತು ನೋವಿಗೆ ನಮ್ಮನೆಯವರ ಕೈಲಿ ಮುಲಾಮು ಹಚ್ಚಿಸಿಕೊಳ್ಳಬೇಕಾಯಿತು.

ತಿಂಗಳಿಗೊಮ್ಮೆ ತಪ್ಪದೆ ಹೋದೆ. ಅಂಗಡಿಯವನು ನನ್ನನ್ನು ಕಂಡ ಕೂಡಲೇ ಕುರ್ಚಿ ತರುವಷ್ಟು ಪರಿಚಯವಾಯಿತು. ಆದರೆ ಹೋಗುತ್ತ ಹೋಗುತ್ತ ಆ ಹುಡುಗಿ ಸೊರಗುತ್ತಿದ್ದಾಳೆ ಅನ್ನಿಸತೊಡಗಿತು. ದನಿ ಸಣ್ಣದಾಯಿತು. ನನ್ನ ಕಡೆ ಒಂದು ಸಲ ನೋಡುವಳು, ತಕ್ಷಣ ಸೂರು ನೋಡಿಕೊಂಡು ಹಾಡುವಳು. ಒಂದು ಭಾನುವಾರ ಬಸ್ಸಿನ ಹಾಡನ್ನೇ ಬಿಟ್ಟುಬಿಟ್ಟಳು. ನನಗೆ ಸಂಕಟವಾಯಿತು.

"ಆ ಹುಡುಗೀಗೆ ಪ್ರೋತ್ಸಾಹ ಸಾಲ್ತಿಲ್ಲ ಕಣ್ರೀ," ಎಂದೆ ಕಾರಿನಲ್ಲಿ.

"ಆ ಗೋಡೆ ಹುಡುಗರು ಇನ್ನೇನು ಕೊಡ್ತಾರೆ," ಎಂದರು ನಮ್ಮನೆಯವರು ಕಿವಿಯ ಹತ್ತಿ ತೆಗೆಯುತ್ತ.

ಸರಿ, ನಾನೇ ಸೊಂಟ ಕಟ್ಟಿ ನಿಂತೆ. ಮುಂದಿನ ಸಲ ಕುರ್ಚಿಯನ್ನು ಇನ್ನೊಂದು ಮಾರು ಮುಂದಕ್ಕೆಳೆದೆ. ಜೊತೆಗೆ ನಮ್ಮ ಕೆಳಗಿನ ಮನೆಯಾಕೆಯನ್ನೂ ಕರೆದುಕೊಂಡು ಹೋದೆ. ಹಾಸನದ ಕಡೆಯವರು, ಹರಿಕಥೆಯ ದಾಸರ ಮಗಳು. ಆಕೆ ಲೊಚಗುಟ್ಟಿದರೆ ಗೋಡೆಯ ಮೇಲಿನ ಹಲ್ಲಿ ಕೂಡ ನಾಚಿ ಸುಮ್ಮನಾಗಬೇಕು. "ಇಂಗ್ಲಿಷು ಹಾಡು, ನಂಗೇನ್ ಅರ್ಥ ಆಗತ್ರೀ?" ಎಂದರು. "ಅರ್ಥ ಬೇಡ, ನಾನು ಶುರು ಮಾಡಿದ ತಕ್ಷಣ ನೀವೂ ಮಾಡಿ" ಎಂದೆ. ಇಬ್ಬರೂ ಅಕ್ಕಪಕ್ಕ ಕೂತು ಮೊದಲ ಹಾಡಿನಿಂದಲೇ ತಲೆ ಕೊಡವಿ, ಲೊಚಗುಟ್ಟಿ, ನರಳಿ ಕೋಣೆ ತುಂಬಿಸಿದೆವು. ಆ ಹುಡುಗಿ ನಾಲ್ಕನೇ ಹಾಡಿಗೇ ಗಿಟಾರು ಇಳಿಸಿ ಒಳಗೆ ಹೋದಳು. ಮೈಗೆ ಹುಷಾರಿಲ್ಲವೇನೋ ಎಂದು ನಾವಿಬ್ಬರೂ ಮರುಗಿದೆವು.

ಮರು ತಿಂಗಳು, ಕಛೇರಿಯ ಹಿಂದಿನ ದಿನ ಶನಿವಾರ ಬೆಳಗ್ಗೆ, ನಾನು ಸಿಂಕಿನ ಎಡಗಡೆಯ ಒಲೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ರೇಡಿಯೊದಲ್ಲಿ ಆ ಮೂವರನ್ನು ಕರೆಸಿ ಮಾತಾಡಿಸುತ್ತಿದ್ದರು. ಹುಡುಗಿಯ ದನಿ ಕೇಳಿ ಖುಷಿಯಿಂದ ಉರಿ ಸಣ್ಣ ಮಾಡಿದೆ. ಇಂಗ್ಲಿಷಿನಲ್ಲಿ ನಡೆದ ಮಾತು, ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾಳೆದೇ ಕೊನೇದು ಅನ್ಸತ್ತೆ. ನಾನು ಹಾಡೋದು ನಿಲ್ಲಿಸ್ತಿದೀನಿ," ಎಂದಳು.

ನನ್ನ ಕೈಯಿಂದ ಸೌಟು ಜಾರಿತು. ರೇಡಿಯೊ ಹುಡುಗ ಯಾಕೆ ಎಂದ.

"ಒಬ್ರು ಹೆಂಗಸು ಬರ್ತಾರೆ. ಪ್ರತಿ ಸಲ. ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸ್ಕೊಂಡು ಕೂತ್ಕೋತಾರೆ. ಮೊದಲನೇ ಹಾಡಿಂದ್ಲೇ ಬೇಡ ಬೇಡ ಅಂತ ತಲೆ ಆಡಿಸ್ತಾರೆ."

"ಯಾವಳ್ರೀ ಅವಳು!" ಎಂದು ನಾನು ನಮ್ಮನೆಯವರ ಮೇಲೆ ಹರಿಹಾಯ್ದೆ. "ಇಷ್ಟ ಇಲ್ದಿದ್ರೆ ಮನೇಲಿ ಬಿದ್ದಿರಬೇಕಪ್ಪ. ಹಾಡೋ ಮಕ್ಕಳ ಮುಂದೆ ಬಂದು ಹೀಗೆ ಮಾಡೋದಾ? ನನ್ನ ಕಣ್ಣಿಗೆ ಹೆಂಗೆ ಬಿದ್ದಿಲ್ಲ ಅವಳು? ನಾಳೆ ಬರಲಿ, ವಿಚಾರಿಸ್ಕೋತೀನಿ."

"ನಾಲಿಗೇಲಿ ಛೀ ಅನ್ನೋ ಥರ ಸದ್ದು ಮಾಡ್ತಾರೆ," ಹುಡುಗಿ ಹೇಳುತ್ತಿದ್ದಳು. "ಕಣ್ಣು ಮುಚ್ಕೊಂಡು ನರಳ್ತಾರೆ. ನಮ್ಮ ತಪ್ಪುಗಳನ್ನ ಬೆರಳಲ್ಲಿ ಎಣಿಸ್ತಾರೆ. ಹೋದ ತಿಂಗಳು ಇನ್ನೊಬ್ರನ್ನೂ ಕರ್ಕೊಂಡು ಬಂದಿದ್ರು."

ನಮ್ಮನೆಯವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಏನು?" ಎಂದೆ.

"ಏನಿಲ್ಲ," ಎಂದರು. "ಆ ಹೆಂಗಸು ಏನು ಉಟ್ಕೊಂಡಿರ್ತಾಳೆ ಅಂತ ಹೇಳ್ತಾರೇನೋ, ಕೇಳು."

"ಬಂಗಾರದ ಅಂಚಿನ ಉದ್ದ ಬಟ್ಟೆ," ಎಂದಳು ಹುಡುಗಿ. "ದೊಡ್ಡ ಸಂಗೀತ ಗೊತ್ತಿರೋರು ಅಂತ ನೋಡಿದ್ರೇ ತಿಳಿಯತ್ತೆ. ಅಂಥೋರಿಗೇ ತಡೆಯಕ್ಕಾಗ್ತಿಲ್ಲ ಅಂದ್ರೆ ನಾವು ನಿಲ್ಲಿಸೋದೇ ಸರಿ."

ದೋಸೆ ಸೀದಿತು. ನಾನು ಅಲ್ಲೇ ನೆಲದ ಮೇಲೆ ಕೂತೆ, ಅಳು ಬಂತು. ನಮ್ಮನೆಯವರ ಕಡೆಯವರು ನನ್ನನ್ನು ನೋಡಲು ಬಂದ ದಿನ ನಾನೂ ಹಾಡಿದ್ದೆ. ಎಂಟು ವರ್ಷ ಕಲಿತದ್ದನ್ನೆಲ್ಲ ಒಂದು ಕೀರ್ತನೆಯಲ್ಲಿ ಸುರಿದಿದ್ದೆ. ಒಂದು ತಲೆಯೂ ಅಲ್ಲಾಡಲಿಲ್ಲ. ಇವರಂತೂ ಬೋಂಡಾ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮುಗಿದ ಮೇಲೆ ಅತ್ತೆಯಾಗುವವರು "ಅಡಿಗೆ ಎಲ್ಲಾ ಬರತ್ತಾಮ್ಮ?" ಎಂದು ಕೇಳಿದರು. ಆಮೇಲೆ ನಾನು ಯಾರ ಮುಂದೆಯೂ ಬಾಯಿ ತೆರೆಯಲಿಲ್ಲ. ಅಲ್ಲಾಡದ ತಲೆಗಳ ಮುಂದೆ ಹಾಡುವುದು ಏನೆಂದು ಗೊತ್ತಿದ್ದೇ ಆ ಹುಡುಗಿಯ ಮುಂದೆ ಅಷ್ಟು ತಲೆ ಆಡಿಸಿದ್ದೆ. ಅವಳಿಗೆ ಸಿಕ್ಕಿದ್ದು ನನಗೆ ಸಿಕ್ಕಿದ್ದಕ್ಕಿಂತ ಕೆಟ್ಟದ್ದಾಗಿತ್ತು.

"ಅಳೋದು ಆಮೇಲೆ. ಈಗ ಫೋನ್ ಮಾಡು," ಎಂದು ನಮ್ಮನೆಯವರು ರಿಸೀವರನ್ನು ನನ್ನ ಕೈಗೆ ಕೊಟ್ಟು ಒಲೆ ಆರಿಸಿದರು.

ಆ ಸ್ಟೇಷನ್ನಿನ ನಂಬರು ನನಗೆ ಬಾಯಿಪಾಠ. ರೇಡಿಯೊ ಹುಡುಗ ಹಿಂದೆ ಮುಂದೆ ಕೇಳದೆ ನನ್ನನ್ನು ನೇರವಾಗಿ ಗಾಳಿಗೆ ಬಿಟ್ಟ. ಫ್ರಿಜ್ಜಿನ ಮೇಲಿಂದ ನನ್ನದೇ ದನಿ ಕೇಳಿ ನಾನು ಬೆಚ್ಚಿದೆ.

"ಆ ಕುರ್ಚಿಯವಳು ನಾನೇ," ಎಂದೆ.

ಮೌನ. ಅದರಲ್ಲಿ ಆ ಸ್ಟೇಷನ್ನಿನವರು ನುರಿತವರು.

"ನಮ್ಮ ಕಡೆ ಹಾಡು ಚೆನ್ನಾಗಿದ್ರೆ ಹೀಗೆ ತಲೆ ಆಡಿಸ್ತೀವಿ," ಎಂದು ಫೋನಿನ ಮುಂದೆ ತಲೆ ಆಡಿಸಿ ತೋರಿಸಿದೆ.

"ನಾಲಿಗೆ ಸದ್ದು?" ಹುಡುಗಿ ಮೆಲ್ಲಗೆ ಕೇಳಿದಳು.

"ಅದು ತುಂಬಾ ಚೆನ್ನಾಗಿದ್ರೆ."

"ನರಳೋದು?"

"ಅದು ಅದಕ್ಕಿಂತ ಚೆನ್ನಾಗಿದ್ರೆ."

"ಹಾಗಾದ್ರೆ ಚೆನ್ನಾಗಿಲ್ದಿದ್ರೆ ಏನ್ಮಾಡ್ತೀರಿ?"

"ಎದ್ದು ಕಾಫಿಗೆ ಹೋಗ್ತೀವಿ."

ಅತ್ತ ಕಡೆ ಯಾರೋ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೆರಳೆಣಿಕೆಯ ವಿಷಯ ಬಾಕಿ ಉಳಿದಿತ್ತಲ್ಲ. "ಬೆರಳಲ್ಲಿ ತಪ್ಪು ಎಣಿಸ್ತಿರಲಿಲ್ಲ, ಅದು ತಾಳ," ಎಂದವಳು, ಸತ್ಯ ಹೇಳುವ ಹುಮ್ಮಸ್ಸಿನಲ್ಲಿ, "ಎಣಿಸಿದಾಗ ಗೊತ್ತಾಗಿದ್ದು, ನಿಮ್ಮ ಡ್ರಮ್ಮಿನವರು ಬಸ್ಸಿನ ಹಾಡಲ್ಲಿ ಅರ್ಧ ಏಟು ನುಂಗ್ತಾರೆ," ಎಂದೂ ಸೇರಿಸಿಬಿಟ್ಟೆ. ನಮ್ಮನೆಯವರು ಹಣೆ ಚಚ್ಚಿಕೊಂಡರು. ರೇಡಿಯೊದಲ್ಲಿ ಒಂದು ಗಂಡು ದನಿ "ನಾನು ಹೇಳ್ತಾನೇ ಇರಲಿಲ್ವಾ!" ಎಂದು ಕಿರುಚಿತು. ಅದು ಬೆನ್ನು ಮಾಡಿ ನಿಲ್ಲುವ ಉದ್ದನೆಯ ಹುಡುಗ. ಅವನಿಗೆ ದನಿಯಿದೆಯೆಂದು ಅವತ್ತೇ ನನಗೆ ಗೊತ್ತಾದದ್ದು.

"ಎಲ್ಲಕ್ಕಿಂತ ಜಾಸ್ತಿ ಎಲ್ಲಿ ನರಳಿದ್ರಿ?" ಎಂದಳು ಹುಡುಗಿ.

"ಅದೇ ಬಸ್ಸಿನ ಹಾಡಲ್ಲಿ. ಕೊನೇ ಸಾಲಲ್ಲಿ ದನಿ ಮೇಲೆ ಹೋಗಿ ಒಡೀತಲ್ಲ, ಅಲ್ಲಿ."

"ಅದು ನನ್ನ ಕೈಲಾಗದೆ ಒಡಿಯೋದು. ಅದಕ್ಕೇ ಆ ಹಾಡು ಬಿಟ್ಟೆ."

"ಬಿಡಬೇಡಿ," ಎಂದೆ. ಅದಕ್ಕಿಂತ ಹೆಚ್ಚಿನ ಇಂಗ್ಲಿಷು ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

"ಗೊತ್ತಿಲ್ಲ," ಎಂದಳು. "ನಾಳೆ ಬನ್ನಿ. ನೋಡೋಣ."

ಭಾನುವಾರ ಕಾರಿನಲ್ಲಿ ನಮ್ಮನೆಯವರು ನನಗೆ ಪಾಠ ಮಾಡಿದರು. "ಮೇಲೆ, ಕೆಳಗೆ. ಇಲ್ಲಿನೋರಿಗೆ ಅದೇ ಹೌದು. ಅತ್ತ ಇತ್ತ ಅಲ್ಲಾಡಿಸ್ಲೇಬೇಡ. ಬಾಯಿ ಮುಚ್ಕೊಂಡಿರು, ಕೈ ಸೆರಗೊಳಗಿಟ್ಕೋ." ತಾವೂ ಸ್ಟೀರಿಂಗ್ ಹಿಡಿದು ತಲೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸುತ್ತ ಫ್ರೀವೇಯಲ್ಲಿ ನಮ್ಮ ಎಕ್ಸಿಟ್ಟು ದಾಟಿಸಿಬಿಟ್ಟರು.

ಹಿಂದಿನ ಕೋಣೆ ತುಂಬಿಹೋಗಿತ್ತು. ರೇಡಿಯೊ ಕೇಳಿದವರೆಲ್ಲ ಬಂದಿದ್ದರೆಂದು ಕಾಣುತ್ತದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಗುಸುಗುಸು ಎದ್ದು, ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮುಂದೆ ನನ್ನ ಕುರ್ಚಿ ಒಂಟಿಯಾಗಿ ಕಾಯುತ್ತಿತ್ತು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಕೂತೆ. ಕೈ ಸೆರಗಿನೊಳಗೆ ಸೇರಿತು.

ಹುಡುಗಿ ಬಂದಳು. ನನ್ನನ್ನು ನೋಡಿದಳು. ಹಾಡು ಶುರುವಾಯಿತು. ನಾನು ಮೇಲೆ ಒಮ್ಮೆ, ಕೆಳಗೆ ಒಮ್ಮೆ, ಕೀಲಿ ಕೊಟ್ಟ ಬೊಂಬೆಯ ಹಾಗೆ ತಲೆ ಆಡಿಸಿದೆ. ಬೆನ್ನಿಗೆ ಇಡೀ ಕೋಣೆಯ ಕಣ್ಣು ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು ಕತ್ತು ಕಲ್ಲಾಯಿತು. ಅವಳು ಒಂದು ಚರಣ ಹಾಡಿದಳು, ನನ್ನ ಕಡೆ ನೋಡಿದಳು, ಇನ್ನರ್ಧ ಹಾಡಿದಳು, ಮತ್ತೆ ನೋಡಿದಳು. ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿಬಿಟ್ಟಳು.

"ಚೆನ್ನಾಗಿಲ್ವಾ?" ಎಂದಳು, ಮೈಕಿನಲ್ಲೇ.

"ಚೆನ್ನಾಗಿದೆ," ಎಂದೆ. "ಎಲ್ಲಾರೂ ನನ್ನೇ ನೋಡ್ತಿದಾರೆ. ನಾಚಿಕೆ ಆಗ್ತಿದೆ."

ಅವಳು ಕೂದಲನ್ನು ಕನ್ನಡಕದಿಂದ ಈಚೆಗೆ ಸರಿಸಿದಳು.

"ನನಗೂ," ಎಂದಳು. "ಪ್ರತಿ ಸಲ."

ಅವಳು ಹಿಂದೆ ತಿರುಗಿ ಇಬ್ಬರಿಗೂ ಏನೋ ಹೇಳಿ, ಬಸ್ಸಿನ ಹಾಡು ಎತ್ತಿಕೊಂಡಳು. ಈ ಸಲ ಸೂರು ನೋಡಲಿಲ್ಲ, ನನ್ನನ್ನೇ ನೋಡಿಕೊಂಡು ಹಾಡಿದಳು. ಬಸ್ಸು ಹೋಯಿತು, ಮಳೆ ಬಂತು, ಹುಡುಗಿ ನಿಂತೇ ಇದ್ದಳು. ಕೊನೆಯ ಸಾಲಿಗೆ ದನಿ ಮೇಲೆ ಹೋಯಿತು. ನಿಲ್ಲಲಿಲ್ಲ. ಒಡೆಯಿತು. ನನ್ನ ತಲೆ ನನ್ನನ್ನು ಕೇಳದೆ ಅತ್ತಿಂದಿತ್ತ ತೂಗಿತು. ನಾಲಿಗೆ ಲೊಚಗುಟ್ಟಿತು. "ಅಯ್ಯೋ!" ಎಂದೆ, ಆ ಕೋಣೆಗೆಲ್ಲ ಕೇಳುವ ಹಾಗೆ.

ಹಾಡು ಅಲ್ಲಿಗೆ ಮುಗಿಯಬೇಕಿತ್ತು. ಕ್ಯಾಸೆಟ್ಟಿನಲ್ಲಿ ಅಲ್ಲಿಗೇ ಮುಗಿಯುತ್ತದೆ. ಅವಳು ಮುಗಿಸಲಿಲ್ಲ. ನಮ್ಮ ಕಡೆಯ ವಿದ್ವಾಂಸರು ಮುಂದೆ ಕೂತವರು ತಲೆದೂಗಿದ ಜಾಗವನ್ನು ಬಿಡಲಾರದೆ ಮತ್ತೆ ಎತ್ತಿಕೊಳ್ಳುತ್ತಾರಲ್ಲ, ಹಾಗೆ ಅದೇ ಸಾಲನ್ನು ಮತ್ತೊಮ್ಮೆ ಹಾಡಿದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಇನ್ನೊಂದು ಬರುತ್ತೆ. ಮತ್ತೆ ಒಡೆಯಿತು. ಇನ್ನೊಂದು ಬರುತ್ತೆ. ಕಡ್ಡಿ ಕೆಳಗಿಡಲು ಹೊರಟಿದ್ದ ಡ್ರಮ್ಮಿನ ಹುಡುಗ ಕಂಗಾಲಾಗಿ ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯದೆ ಸುತ್ತಲೂ ನೋಡಿದ. ನಾನು ಸೆರಗಿನಿಂದ ಕೈ ಹೊರಗೆ ತೆಗೆದು, ತಲೆಗಿಂತ ಮೇಲಕ್ಕೆತ್ತಿ, ಅವನಿಗೆ ಕಾಣುವ ಹಾಗೆ ತಾಳ ಹಾಕಿದೆ. ಅವನು ನನ್ನ ಕೈ ನೋಡಿಕೊಂಡು ಬಾರಿಸತೊಡಗಿದ.